ಬಸ್ ಹತ್ತಿದವರು, ಇಂಬಳ ಹತ್ತಿದವರು

ಆಷಾಢದ ಬೆಳಿಗ್ಗೆ. ಪಾಳ್ಯದಲ್ಲಿ ಬಸ್ಸಿಗೆ ಕಾದವರ ಕೊಡೆಗಳಿಂದ ನೀರು ತೊಟ್ಟಿಕ್ಕುತ್ತಿದೆ. ಹಾಸನದ ಕಡೆಯಿಂದ ಬಂದ ಕೆಂಪು ಬಸ್ಸು ಕೆಸರು ಹಾರಿಸಿ ನಿಂತಿತು. ಬಾಗಿಲಲ್ಲಿ ನೂಕುನುಗ್ಗಲು. ‘ಇಳಿಯೋರು ಮೊದ್ಲು ಇಳ್ಕಳಿ, ಆಮೇಲೆ ಹತ್ಕಳಿ! ಅಜ್ಜಿ, ನಿಧಾನ’ ಎಂದು ಕಂಡಕ್ಟರು ಕೂಗುತ್ತಾರೆ. ತೋಟದಿಂದ ಅಡ್ಡದಾರಿಯಲ್ಲಿ ನಡೆದು ಬಂದವನೊಬ್ಬ ಪ್ಯಾಂಟು ಮಡಚಿ ನೋಡಿಕೊಂಡು, ‘ಥೂ, ಇಂಬಳ ಹತ್ತಿದೆ ಕಣೋ’ ಎನ್ನುತ್ತಾನೆ. ಪಕ್ಕದ ಹೋಟೆಲಿನಲ್ಲಿ ಸೌದೆ ಒದ್ದೆ. ‘ಒಲೆನೇ ಹತ್ತಿಲ್ಲ ಅಣ್ಣ, ಟೀ ಹೊತ್ತಾಗುತ್ತೆ’ ಎಂಬ ಉತ್ತರ ಬರುತ್ತದೆ. ಬೆಂಚಿನ ಮೇಲೆ ಕೂತ ತಾಯಿಯ ಹೆಗಲಲ್ಲಿದ್ದ ಕೂಸಿಗೆ ಈ ಗಲಾಟೆಯಲ್ಲೂ ನಿದ್ದೆ ಹತ್ತಿಬಿಟ್ಟಿದೆ.

ಬಸ್ಸು, ಇಂಬಳ, ಒಲೆ, ನಿದ್ದೆ. ನಾಲ್ಕಕ್ಕೂ ಒಂದೇ ಕ್ರಿಯಾಪದ. ಇದರಲ್ಲಿ ವಿಶೇಷವೇನಾದರೂ ಇದೆ ಎಂದು ಅಲ್ಲಿದ್ದ ಯಾರಿಗೂ ಅನ್ನಿಸುವುದಿಲ್ಲ. ಶಾಲೆಗೆ ಹೊರಟ ಹುಡುಗಿಯ ಚೀಲದಲ್ಲಿರುವ ಇಂಗ್ಲಿಷ್–ಕನ್ನಡ ನಿಘಂಟು ಮಾತ್ರ ‘ಕ್ಲೈಂಬ್’ ಎಂಬ ಪದದ ಮುಂದೆ ‘ಹತ್ತು, ಏರು’ ಎಂದು ಬರೆದು ಸುಮ್ಮನಾಗಿದೆ. ಆ ಎರಡು ಪದಗಳ ನಡುವೆ ಹಾಕಿರುವ ಅಲ್ಪವಿರಾಮ ದೊಡ್ಡದೊಂದು ಕಥೆಯನ್ನು ಮುಚ್ಚಿಟ್ಟುಕೊಂಡಿದೆ.

ಮೇಲಕ್ಕೆ ಹೋಗುವ ಊರು

ಆಲೂರು ತಾಲ್ಲೂಕಿನ ಹೋಬಳಿ ಕೇಂದ್ರವಾದ ಪಾಳ್ಯ ಇರುವುದು ಬಯಲು ಮುಗಿಯುವ, ಮಲೆ ಶುರುವಾಗುವ ಕಡೆ. ಹಾಸನದಿಂದ ಪಡುವಣಕ್ಕೆ ಬರುವಾಗ ರಾಗಿ, ಜೋಳದ ಹೊಲಗಳು ತೆಳ್ಳಗಾಗುತ್ತಾ ಗದ್ದೆ ಬಯಲು, ದಿಣ್ಣೆಯ ಮೇಲಿನ ಕಾಫಿ ತೋಟ, ನೆರಳಿಗೆ ನಿಂತ ಸಿಲ್ವರ್ ಮರ ಕಾಣತೊಡಗುತ್ತವೆ. ಬಾಳ್ಳುಪೇಟೆ ದಾಟಿ ಸಕಲೇಶಪುರ ಮುಟ್ಟುವ ಹೊತ್ತಿಗೆ ಸಮುದ್ರಮಟ್ಟದಿಂದ 900 ಮೀಟರ್‌ ಆಸುಪಾಸಿನಲ್ಲಿರುತ್ತೇವೆ. ಮುಂದೆ ದೋಣಿಗಲ್‌ನಿಂದ ನೆಲ ಒಮ್ಮೆಗೇ ಜಾರಿ ಶಿರಾಡಿ ಘಾಟಿಯಾಗಿ ಗುಂಡ್ಯದತ್ತ ಇಳಿಯುತ್ತದೆ.

ಇಂಥ ನೆಲದಲ್ಲಿ ಸಪಾಟಾಗಿ ನಡೆಯುವುದಕ್ಕಿಂತ ಹತ್ತುವುದು, ಇಳಿಯುವುದೇ ಹೆಚ್ಚು. ಮನೆ ದಿಣ್ಣೆಯ ಮೇಲೆ, ಗದ್ದೆ ಕೆಳಗೆ. ತೋಟ ಮೇಲೆ, ಹಳ್ಳ ಕೆಳಗೆ. ‘ಎಲ್ಲಿಗೆ?’ ಎಂದರೆ ‘ಗದ್ದೆಗೆ ಇಳೀತಿದೀನಿ’ ಎಂಬ ಉತ್ತರ. ಮಂಗಳೂರಿಗೆ ಹೋಗುವವರು ‘ಘಾಟಿ ಇಳಿದರು’, ವಾಪಸು ಬರುವವರು ‘ಘಾಟಿ ಹತ್ತಿದರು’. ದಿಕ್ಕು ಹೇಳಲು ಮೂಡಣ, ಪಡುವಣಕ್ಕಿಂತ ಮೇಲೆ, ಕೆಳಗೆ ಎನ್ನುವುದೇ ಇಲ್ಲಿ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಹಾಗಾಗಿ ಮೇಲಕ್ಕೆ ಹೋಗುವ ಕ್ರಿಯಾಪದಗಳ ವ್ಯತ್ಯಾಸ ತಿಳಿಯಲು ನಿಘಂಟಿಗಿಂತ ಈ ಊರಿನ ಮಾತು ಒಳ್ಳೆಯದು.

ಇಂಬಳ ಹತ್ತಿದ್ದೋ, ಅಂಟಿದ್ದೋ?

ಮಲೆನಾಡಿನ ಮಳೆಗಾಲದ ನೆಲಜಿಗಣೆಗೆ ಇಂಬಳ ಎನ್ನುತ್ತಾರೆ. ಉಂಬಳ ಎನ್ನುವವರೂ ಇದ್ದಾರೆ. ಒದ್ದೆ ತರಗೆಲೆಯ ಮೇಲೆ ದಾರದ ಎಳೆಯಷ್ಟು ಸಣ್ಣಗೆ ನಿಂತು, ನಡೆಯುವವರ ಕಾಲಿನ ಬಿಸಿಗೆ, ನೆಲದ ಅಲುಗಾಟಕ್ಕೆ ತಲೆ ಎತ್ತಿ ತೂಗುತ್ತಿರುತ್ತದೆ. ಹಿಂಬದಿಯ ಹೀರುಬಾಯಿ ಊರಿ ಮೈ ಚಾಚುತ್ತದೆ, ಮುಂದಿನದನ್ನು ಊರಿ ಹಿಂದಿನದನ್ನು ಬಿಡಿಸಿಕೊಳ್ಳುತ್ತದೆ. ಹಾಗೆ ಪಾದದಿಂದ ಮೀನಖಂಡದವರೆಗೆ ಬಂದು ಕಚ್ಚಿ ಕೂತು ರಕ್ತ ಕುಡಿಯುತ್ತದೆ. ಕಚ್ಚಿದ್ದು ಗೊತ್ತಾಗುವುದೇ ಇಲ್ಲ. ಸುಣ್ಣವೋ ಉಪ್ಪೋ ಹೊಗೆಸೊಪ್ಪಿನ ನೀರೋ ತಾಗಿಸಿದರೆ ಬಿಡುತ್ತದೆ.

‘ಕಾಲಿಗೆ ಇಂಬಳ ಹತ್ತಿದೆ’ ಎಂದಾಗ ಅದು ಕಾಲನ್ನು ಏರಿ ಬಂತು ಎಂದು ಅರ್ಥವೇ, ಕಾಲಿಗೆ ಅಂಟಿಕೊಂಡಿತು ಎಂದೇ? ಬಿಡಿಸಿ ಹೇಳುವುದು ಕಷ್ಟ. ಅಂಟದೆ ಇಂಬಳ ಏರಲಾರದು. ಸಕ್ಕರೆ ಡಬ್ಬಕ್ಕೆ ಇರುವೆ ಹತ್ತುವುದೂ, ಮನೆಯ ಜಂತೆಗೆ ಗೆದ್ದಲು ಹತ್ತುವುದೂ ಹೀಗೆಯೇ.

ಈ ಎರಡು ಅರ್ಥಗಳು ಬೆಸೆದುಕೊಂಡಿರುವುದನ್ನು ನೋಡಲು ಇನ್ನೂ ಒಳ್ಳೆಯ ಜಾಗ ಕಾಫಿ ತೋಟ. ಸಿಲ್ವರ್ ಮರದ ಬುಡದಲ್ಲಿ ನೆಟ್ಟ ಮೆಣಸಿನ ಬಳ್ಳಿಯ ಗೆಣ್ಣುಗಳಲ್ಲಿ ಸಣ್ಣ ಬೇರು ಮೂಡಿ ತೊಗಟೆ ಹಿಡಿಯುತ್ತವೆ. ಹಿಡಿದಷ್ಟು ಮೇಲೆ ಹೋಗುತ್ತದೆ, ಹಿಡಿತ ತಪ್ಪಿದ ಕಡೆ ಜೋತು ಬೀಳುತ್ತದೆ. ಅದಕ್ಕೇ ಎಳೆಬಳ್ಳಿಯನ್ನು ಮರಕ್ಕೆ ಆನಿಸಿ ಕಟ್ಟುವುದು. ‘ಬಳ್ಳಿ ಮರಕ್ಕೆ ಚೆನ್ನಾಗಿ ಹತ್ತಿದೆ’ ಎಂದು ತೋಟದವರು ಹೇಳಿದರೆ ಎತ್ತರದ ಮಾತೂ ಅದೇ, ಹಿಡಿತದ ಮಾತೂ ಅದೇ. ಕಾಳು ಹಣ್ಣಾದಾಗ ಕೊಯ್ಯಲು ಒಂಟಿ ಬಿದಿರಿನ ಏಣಿ ಒರಗಿಸಿ ಹತ್ತುವ ಆಳಿಗೂ, ಮಳೆಗೆ ಮುಂಚೆ ಮರಗಸಿ ಮಾಡಲು ನೆರಳು ಮರದ ಕೊಂಬೆಗೆ ಹೋಗುವವನಿಗೂ ಇದರ ಅರ್ಥ ಮೈಯಿಂದಲೇ ಗೊತ್ತು. ಕೈಕಾಲು ಅಂಟಿಲ್ಲದಿದ್ದರೆ ಮರ ಹತ್ತಿದ ಹಾಗಲ್ಲ.

ತಲೆಗೇರಿದ್ದು, ತಲೆಗೆ ಹತ್ತದ್ದು

ಹತ್ತು ಎಂಬುದರ ಮೂಲದಲ್ಲಿ ಎತ್ತರ ಇಲ್ಲ, ಹಿಡಿತ ಇದೆ ಎಂದು ಒಪ್ಪಿಕೊಂಡರೆ ಅದರ ಉಳಿದ ಬಳಕೆಗಳೆಲ್ಲ ತಾವಾಗಿ ಸಾಲಿಗೆ ಬರುತ್ತವೆ. ಬೆಂಕಿ ಸೌದೆಗೆ ಹತ್ತುತ್ತದೆ. ಅನ್ನ ಪಾತ್ರೆಯ ತಳ ಹತ್ತುತ್ತದೆ. ಬಟ್ಟೆಗೆ ಬಣ್ಣ ಹತ್ತುತ್ತದೆ, ನಾಲಗೆಗೆ ರುಚಿ ಹತ್ತುತ್ತದೆ, ಹುಡುಗನಿಗೆ ಮೊಬೈಲಿನ ಚಟ ಹತ್ತುತ್ತದೆ. ಉಂಡದ್ದು ಮೈಗೆ ಹತ್ತದಿದ್ದರೆ ಅಜ್ಜಿಗೆ ಚಿಂತೆ. ಸಾಲಗಾರ ಬೆನ್ನು ಹತ್ತಿದರೆ ಮಗನಿಗೆ ಚಿಂತೆ. ಇವುಗಳಲ್ಲಿ ಒಂದರಲ್ಲೂ ಯಾವುದೂ ಮೇಲಕ್ಕೆ ಹೋಗುತ್ತಿಲ್ಲ. ಒಂದಕ್ಕೆ ಇನ್ನೊಂದು ತಗುಲಿ, ಬಿಡದೆ ನಿಲ್ಲುತ್ತಿದೆ, ಅಷ್ಟೇ.

ಏರು ಇದಕ್ಕೆ ತದ್ವಿರುದ್ಧ. ಅದಕ್ಕೆ ಮುಟ್ಟುವ ಹಂಗಿಲ್ಲ, ಮಟ್ಟ ಹೆಚ್ಚಾದರೆ ಸಾಕು. ಜ್ವರ ಏರುತ್ತದೆ, ಕಾಫಿ ಬೆಲೆ ಏರುತ್ತದೆ, ದನಿ ಏರುತ್ತದೆ, ಬಿಸಿಲು ಏರುತ್ತದೆ. ‘ಬೆಲೆ ಹತ್ತಿತು’ ಎಂದರೆ ಕನ್ನಡದ ಕಿವಿ ಒಪ್ಪುವುದಿಲ್ಲ. ‘ಸೌದೆಗೆ ಬೆಂಕಿ ಏರಿತು’ ಎಂದರೂ ಒಪ್ಪುವುದಿಲ್ಲ.

ಎರಡನ್ನೂ ಒಂದೇ ಜಾಗದಲ್ಲಿ ಇಟ್ಟು ನೋಡಬೇಕೆಂದರೆ ಅದಕ್ಕೆ ತಲೆಗಿಂತ ಒಳ್ಳೆಯ ಜಾಗವಿಲ್ಲ. ದುಡ್ಡು, ಹೆಂಡ, ಪಿತ್ತ, ಅಧಿಕಾರ ಇವೆಲ್ಲ ತಲೆಗೆ ‘ಏರುತ್ತವೆ’. ಲೆಕ್ಕ, ವ್ಯಾಕರಣ, ಹಿರಿಯರ ಬುದ್ಧಿಮಾತು ತಲೆಗೆ ‘ಹತ್ತಬೇಕು’. ಏರಿದ್ದು ಹೊತ್ತು ಕಳೆದ ಮೇಲೆ ಇಳಿದೂ ಹೋಗುತ್ತದೆ. ಹತ್ತಿದ್ದು ಅಲ್ಲೇ ಉಳಿಯುತ್ತದೆ. ಹೆಡ್‌ಮಾಸ್ತರರು ‘ಇವನಿಗೆ ಗಣಿತ ತಲೆಗೆ ಏರೋದಿಲ್ಲ’ ಎಂದೂ ಒಮ್ಮೊಮ್ಮೆ ಹೇಳುವುದುಂಟು. ಆಗ ಅವರು ಪಾತ್ರೆಗೆ ನೀರು ತುಂಬುವ ಚಿತ್ರ ಇಟ್ಟುಕೊಂಡಿದ್ದಾರೆ ಎಂದುಕೊಳ್ಳಬಹುದು. ಆದರೆ ಹೆಂಡ ತಲೆಗೆ ‘ಹತ್ತಿತು’ ಎಂದು ಕುಡಿದವನೂ ಹೇಳುವುದಿಲ್ಲ.

ವ್ಯಾಕರಣ ಇಲ್ಲೊಂದು ಸುಳುಹು ಕೊಡುತ್ತದೆ. ‘ಮರ ಹತ್ತಿದ’, ‘ಬಸ್ ಹತ್ತಿದ’ ಎನ್ನುವಾಗ ಮರಕ್ಕೋ ಬಸ್ಸಿಗೋ ವಿಭಕ್ತಿ ಇಲ್ಲದೆ ನಡೆಯುತ್ತದೆ. ‘ಮರಕ್ಕೆ ಬೆಂಕಿ ಹತ್ತಿತು’, ‘ಕಾಲಿಗೆ ಇಂಬಳ ಹತ್ತಿತು’ ಎನ್ನುವಾಗ ‘ಗೆ’, ‘ಕ್ಕೆ’ ಬರುತ್ತದೆ. ಕ್ರಿಯಾಪದ ಒಂದೇ ಆದರೂ ‘ಮರ’ ‘ಮರಕ್ಕೆ’ ಆದ ಕೂಡಲೇ ಹತ್ತಿದ್ದು ಮನುಷ್ಯನಲ್ಲ ಎಂಬ ಗುಮಾನಿ ಕೇಳುವವರಿಗೆ ಬಂದಿರುತ್ತದೆ. ಮಕ್ಕಳು ಇದನ್ನು ಸಣ್ಣ ವಯಸ್ಸಿಗೇ ಆಡುತ್ತಾರೆ, ಯಾರೂ ಹೇಳಿಕೊಟ್ಟಿರುವುದಿಲ್ಲ.

ನಾಮಪದಗಳಲ್ಲೂ ಇವು ಬೇರೆ ಬೇರೆ ದಾರಿ ಹಿಡಿದಿವೆ. ಏರುವಿನಿಂದ ಏರಿಕೆ, ಏರುಪೇರು ಹುಟ್ಟಿವೆ. ಕೆರೆಯ ಕಟ್ಟೆಗೆ ಏರಿ ಎನ್ನುತ್ತೇವೆ. ರಾತ್ರಿ ಕಾಡಾನೆಗಳ ಹಿಂಡು ಕೆರೆಯ ಮೇಲೆ ಹಾದು ಹೋದರೆ ಮಾರನೆಯ ಬೆಳಿಗ್ಗೆ ಊರವರು ‘ಏರಿ ಹತ್ತಿ ಹೋಗಿವೆ’ ಎನ್ನುತ್ತಾರೆಯೇ ಹೊರತು ಏರಿ ಏರಿದವು ಎನ್ನುವುದಿಲ್ಲ. ಹತ್ತುವಿನ ಕಡೆಯ ಹೆಸರೆಂದರೆ ‘ಹತ್ತಿರ’. ಅಂಟಿಕೊಂಡಷ್ಟು ಸಮೀಪ ಎಂಬುದೇ ಅದರ ಮೂಲ. ಬಸ್ಸನ್ನು ಹತ್ತುವವರು ಬಸ್ಸಿನ ಹತ್ತಿರ ಹೋಗಲೇಬೇಕು ಎಂಬ ಸಂಗತಿ ಭಾಷೆಯಲ್ಲೂ ದಾಖಲಾಗಿದೆ!

ಪತ್ರಿಕೆಗಳ ಕನ್ನಡ ಮಾತ್ರ ಹತ್ತುವುದಕ್ಕೆ ನಾಚುತ್ತದೆ. ಮಾತಿನಲ್ಲಿ ಕೋರ್ಟು ಮೆಟ್ಟಿಲು ಹತ್ತಿದವರು ತಲೆಬರಹದಲ್ಲಿ ‘ಮೆಟ್ಟಿಲೇರುತ್ತಾರೆ’. ಪ್ರವಾಸಿಗರು ಗುಡ್ಡ ‘ಏರುತ್ತಾರೆ’, ಮಂತ್ರಿಗಳು ವೇದಿಕೆ ‘ಏರುತ್ತಾರೆ’. ಏರುವಿಗೆ ಒಂದು ಗತ್ತು ಇದೆ, ಒಪ್ಪೋಣ. ಹಸೆಮಣೆ, ಸಿಂಹಾಸನ, ಗಲ್ಲುಗಂಬ ಎಲ್ಲವೂ ಏರುವಂಥವೇ. ಆದರೆ ಮಂಜರಾಬಾದ್ ಕೋಟೆಗೆ ಹೋಗುವ ಮೆಟ್ಟಿಲಲ್ಲಿ ಮಂಡಿ ಹಿಡಿದುಕೊಂಡು ನಿಂತವರು ಏರುತ್ತಿರುವುದಿಲ್ಲ, ಹತ್ತುತ್ತಿರುತ್ತಾರೆ. 1792ರಲ್ಲಿ ಟಿಪ್ಪು ಸುಲ್ತಾನ ಕಟ್ಟಿಸಿದ ಎಂಟು ಮೂಲೆಯ ಆ ನಕ್ಷತ್ರಾಕಾರದ ಕೋಟೆ ಮಂಗಳೂರಿನಿಂದ ಘಟ್ಟ ಹತ್ತಿ ಬರುವವರ ಮೇಲೆ ಕಣ್ಣಿಡಲೆಂದೇ ಅಲ್ಲಿ ನಿಂತಿರುವುದು.

ಪಲ್ಮಡಿ ಹಲ್ಮಿಡಿಯಾದ ಹಾಗೆ

ಹಳಗನ್ನಡದಲ್ಲಿ ಈ ಕ್ರಿಯಾಪದ ‘ಪತ್ತು’. ಕನ್ನಡದಲ್ಲಿ ಪದದ ಮೊದಲಿಗೆ ಬರುತ್ತಿದ್ದ ಪಕಾರ ನಡುಗನ್ನಡದ ಹೊತ್ತಿಗೆ ಹಕಾರವಾಯಿತು. ಪಾಲು ಹಾಲಾಯಿತು, ಪುಲಿ ಹುಲಿಯಾಯಿತು, ಪಳ್ಳಿ ಹಳ್ಳಿಯಾಯಿತು. ಇದಕ್ಕೆ ಸಾಕ್ಷಿ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಪಕ್ಕದ ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ಸಿಕ್ಕ, ಸುಮಾರು ಕ್ರಿ.ಶ. 450ರದೆಂದು ಹೇಳುವ ಶಾಸನದಲ್ಲಿ ಆ ಊರಿನ ಹೆಸರು ‘ಪಲ್ಮಡಿ’ ಎಂದಿದೆ. ಊರು ಅಲ್ಲೇ ಇದೆ, ಮೊದಲ ಅಕ್ಷರ ಬದಲಾಗಿದೆ. ನಮ್ಮ ಪಾಳ್ಯ ಮಾತ್ರ ಹಾಳ್ಯವಾಗಲಿಲ್ಲ. ಪಾಳೆಯ, ಅಂದರೆ ಸೈನ್ಯದ ಬೀಡು ಎಂಬ ಹಳೆಯ ಅರ್ಥದ ಜೊತೆಗೆ ಪಕಾರವನ್ನೂ ಉಳಿಸಿಕೊಂಡು ಅದು ಬಚಾವಾಯಿತು.

ಹಾಗಾದರೆ ಹತ್ತು ಎಂಬ ಅಂಕಿಗೂ ಹತ್ತುವುದಕ್ಕೂ ಏನು ಸಂಬಂಧ? ಏನೂ ಇಲ್ಲ. ತಮಿಳಿನಲ್ಲಿ ಅಂಟು, ಹಿಡಿ ಎಂಬ ಅರ್ಥದ ಪದವನ್ನು ಶಕಟರೇಫ ಎಂಬ ಹಳೆಯ ರಕಾರವನ್ನು ಎರಡು ಬಾರಿ ಬರೆದು ಬೇರೆಯಾಗಿಯೇ ಉಳಿಸಿಕೊಂಡಿದ್ದಾರೆ, ಅಂಕಿಯ ಪತ್ತುವನ್ನು ತಕಾರದಲ್ಲೇ ಬರೆಯುತ್ತಾರೆ. ಕನ್ನಡದಲ್ಲಿ ಎರಡೂ ಕರಗಿ ಒಂದೇ ರೂಪಕ್ಕೆ ಬಂದುಬಿಟ್ಟವು. ಬಟ್ಟೆಯ ಹತ್ತಿ ಮೂರನೆಯದೊಂದು ಪದ. ಅದು ಪರ್ತಿಯಿಂದ ಬಂದದ್ದು. ಹೀಗಾಗಿ ‘ಹತ್ತು ಜನ ಹತ್ತಿ ಹೊತ್ತು ಲಾರಿ ಹತ್ತಿದರು’ ಎಂಬ ಮಾತಿನಲ್ಲಿ ಮೂರು ಬೇರೆ ಬೇರೆ ವಂಶದವರು ಒಂದೇ ವೇಷ ಹಾಕಿಕೊಂಡು ಕೂತಿದ್ದಾರೆ.

ಬಾಸೆಲ್ ಮಿಷನ್ನಿನ ಫರ್ಡಿನೆಂಡ್ ಕಿಟ್ಟೆಲ್ 1894ರಲ್ಲಿ ಮಂಗಳೂರಿನಲ್ಲಿ ಅಚ್ಚು ಮಾಡಿಸಿದ ನಿಘಂಟು ಈ ಹತ್ತುವಿಗೆ ಹಿಡಿತ, ಅಂಟು, ತಗುಲುವಿಕೆ, ಮೇಲೇರುವಿಕೆ ಇವೆಲ್ಲವನ್ನೂ ಒಂದೇ ಮನೆಯಲ್ಲಿ ಇಡುತ್ತದೆ. ದೀಪ ಹಚ್ಚುವ, ಮುಲಾಮು ಹಚ್ಚುವ ‘ಹಚ್ಚು’ ಕೂಡ ಅದರ ಹತ್ತಿರದ ನೆಂಟ.

ಕುತೂಹಲದ ಸಂಗತಿ ನೆರೆಯವರದ್ದು. ತಮಿಳರು ಬಸ್ಸಿಗೆ ಏರುತ್ತಾರೆ, ತೆಲುಗರು ‘ಎಕ್ಕು’ತ್ತಾರೆ, ಮಲಯಾಳಿಗರು ‘ಕಯರು’ತ್ತಾರೆ. ಬೆಂಕಿಯ ವಿಷಯಕ್ಕೆ ಬಂದರೆ ತೆಲುಗಿನಲ್ಲೂ ಅದು ‘ಅಂಟಿ’ಕೊಳ್ಳುತ್ತದೆ, ತಮಿಳಿನಲ್ಲೂ ‘ಪಟ್ರಿ’ಕೊಳ್ಳುತ್ತದೆ. ಅಂದರೆ ಬೆಂಕಿಗೆ ಅಂಟುವ ಕ್ರಿಯಾಪದ ಬಳಸುವುದರಲ್ಲಿ ಎಲ್ಲರೂ ಒಂದೇ. ಅದೇ ಕ್ರಿಯಾಪದವನ್ನು ಹಿಡಿದು ಮರ, ಗುಡ್ಡ, ಕೊನೆಗೆ ಸಾರಿಗೆ ಸಂಸ್ಥೆಯ ಬಸ್ಸನ್ನೂ ಹತ್ತಿದವರು ಕನ್ನಡಿಗರು.

ಇಂಗ್ಲಿಷಿನವರೂ ಅಂಟಿಯೇ ಹತ್ತಿದ್ದು

ಇಂಗ್ಲಿಷಿನ ಕ್ಲೈಂಬ್‌ನ ಹಿಂದಿನ ಕಥೆ ಕೇಳಿದರೆ ನಗು ಬರುತ್ತದೆ. ಅದರ ಮೂಲವೂ ಅಂಟಿಕೊಳ್ಳುವುದೇ ಎಂದು ಪದಮೂಲ ಹುಡುಕುವವರು ಹೇಳುತ್ತಾರೆ. ಅಂಟಿಕೊ ಎಂಬ ಅರ್ಥದ ‘ಕ್ಲೀವ್’ ಎಂಬ ಹಳೆಯ ಪದದ ಬಂಧು ಅದು. ಕೈಕಾಲು ಬಳಸಿ, ಹಿಡಿದು ಹಿಡಿದು ಮೇಲೆ ಹೋಗುವುದು ಎಂದೇ ಮೊದಲಿನ ಅರ್ಥ. ಕೊನೆಯ ‘ಬಿ’ ಅಕ್ಷರ ಬಾಯಿಂದ ಉದುರಿ ಎಷ್ಟೋ ಕಾಲವಾದರೂ ಕಾಗದದ ಮೇಲೆ ಬಿಡದೆ ಅಂಟಿಕೊಂಡಿದೆ.

ಅದರ ಸಮಾನಾರ್ಥಕಗಳೆಂದು ಶಾಲೆಯಲ್ಲಿ ಬಾಯಿಪಾಠ ಮಾಡಿಸುವ ಪದಗಳಿಗೂ ಒಂದೊಂದು ಊರಿದೆ. ‘ಸ್ಕೇಲ್’ ಬಂದದ್ದು ಏಣಿಗೆ ಲ್ಯಾಟಿನ್ನಿನಲ್ಲಿ ಹೇಳುವ ಪದದಿಂದ. ಅದಕ್ಕೇ ಕೋಟೆಗೋಡೆಗೆ, ಕಡಿದಾದ ಬಂಡೆಗೆ ಅದು ಸರಿಹೊಂದುತ್ತದೆ. ‘ಮೌಂಟ್’ನಲ್ಲಿ ಬೆಟ್ಟ ಇದೆ, ಕುದುರೆಗೂ ವೇದಿಕೆಗೂ ಅದು ನಡೆಯುತ್ತದೆ. ‘ಬೋರ್ಡ್’ನಲ್ಲಿ ಹಡಗಿನ ಪಕ್ಕದ ಹಲಗೆ ಇದೆ, ಹಡಗಿನಿಂದ ಅದು ರೈಲಿಗೆ, ವಿಮಾನಕ್ಕೆ ದಾಟಿತು. ‘ಅಸೆಂಡ್’ ನಮ್ಮ ‘ಆರೋಹಣ’ದ ಹಾಗೆ ಗಂಭೀರ. ಸಿಂಹಾಸನಕ್ಕೆ ಹೊಂದುತ್ತದೆ, ಅಟ್ಟದ ಮೇಲಿನ ಅಡಕೆ ಚೀಲ ತರಲು ಹೊರಟವನಿಗೆ ಹೊಂದುವುದಿಲ್ಲ.

ಮುಂದೆ ಎರಡು ಭಾಷೆಗಳ ದಾರಿ ಬೇರೆಯಾಯಿತು. ಇಂಗ್ಲಿಷಿನ ಕ್ಲೈಂಬ್ ಬರಬರುತ್ತಾ ಕೈಬಿಟ್ಟು ಹಾರಾಡತೊಡಗಿತು. ವಿಮಾನ, ಹೊಗೆ, ಬೆಲೆ, ಉಷ್ಣಾಂಶ ಎಲ್ಲವೂ ಕ್ಲೈಂಬ್ ಆಗುತ್ತವೆ. ಅಂದರೆ ನಮ್ಮ ಏರುವಿನ ಕೆಲಸವನ್ನೂ ಅದು ನುಂಗಿಕೊಂಡಿದೆ. ಇನ್ನೂ ವಿಚಿತ್ರವೆಂದರೆ ಅಲ್ಲಿ ಕೆಳಗಡೆಗೂ ಕ್ಲೈಂಬ್ ಮಾಡಬಹುದು, ಕಿಟಕಿಯ ಮೂಲಕ, ಬೇಲಿಯಾಚೆಗೆ, ಹಾಸಿಗೆಯೊಳಕ್ಕೂ ಮಾಡಬಹುದು. ಕೈಕಾಲು ಊರಿ ಕಷ್ಟಪಟ್ಟರೆ ಸಾಕು, ದಿಕ್ಕು ಮುಖ್ಯವಲ್ಲ. ಕನ್ನಡದಲ್ಲಿ ‘ಮರದಿಂದ ಕೆಳಗೆ ಹತ್ತಿದ’ ಎಂದರೆ ಜನ ಮುಖ ಮುಖ ನೋಡಿಕೊಳ್ಳುತ್ತಾರೆ. ಇಲ್ಲಿ ಹತ್ತು ಅಂಟಿನ ಅರ್ಥಗಳನ್ನು ಒಂದನ್ನೂ ಬಿಡದೆ ಇಟ್ಟುಕೊಂಡಿದೆ, ಚಲನೆಗೆ ಬಂದಾಗ ಮಾತ್ರ, ವಾಹನದ ಮಾತು ಬಿಟ್ಟರೆ, ಮೇಲ್ಮುಖ ಎಂಬ ಕಟ್ಟುನಿಟ್ಟು ಹಾಕಿಕೊಂಡಿದೆ.

ಆಲೂರು, ಸಕಲೇಶಪುರದ ಶಾಲೆಗಳಿಂದ ಹಿಡಿದು ಬೆಂಗಳೂರಿನ ಕಂಪನಿಗಳವರೆಗೆ ಕನ್ನಡದ ಮಕ್ಕಳು ‘ಐ ಕ್ಲೈಂಬ್ಡ್ ದ ಬಸ್’ ಎಂದು ಬರೆಯುವುದು ಈ ಕಾರಣಕ್ಕೆ. ಇಂಗ್ಲಿಷ್ ತಾಯ್ನುಡಿಯವರ ಕಣ್ಣಿಗೆ ಆಗ ಬಸ್ಸಿನ ಟಾಪಿನ ಮೇಲೆ ಹೋಗುತ್ತಿರುವವನು ಕಾಣುತ್ತಾನೆ. ಅವರು ಬಸ್ಸಿಗೆ, ರೈಲಿಗೆ ‘ಗೆಟ್ ಆನ್’ ಎನ್ನುತ್ತಾರೆ, ಕಾರಿಗೆ, ಆಟೊಗೆ ‘ಗೆಟ್ ಇನ್’ ಎನ್ನುತ್ತಾರೆ. ಒಳಗೆ ಹೋದ ಮೇಲೆ ಎದ್ದು ನಿಂತು ಓಡಾಡಬಹುದಾದ ವಾಹನಕ್ಕೆ ‘ಆನ್’, ಬಗ್ಗಿ ಕೂರಲೇಬೇಕಾದದ್ದಕ್ಕೆ ‘ಇನ್’ ಎಂದು ನೆನಪಿಟ್ಟುಕೊಂಡರೆ ಬಹುಪಾಲು ತಪ್ಪಾಗುವುದಿಲ್ಲ. ಕನ್ನಡದಲ್ಲಿ ಬಸ್ಸೂ ಹತ್ತುವಂಥದೇ, ನೆಲಕ್ಕೆ ಅಂಟಿದ ಹಾಗಿರುವ ಸಣ್ಣ ಕಾರೂ ಹತ್ತುವಂಥದೇ. ಕಾರಿನೊಳಗೆ ಇಳಿದು ಕೂರುವಷ್ಟು ತಗ್ಗಿದ್ದರೂ ನಾವು ‘ಕಾರು ಹತ್ತು’ ಎಂದೇ ಹೇಳುತ್ತೇವೆ. ವಾಹನದ ಎತ್ತರ ಇಲ್ಲಿ ಲೆಕ್ಕಕ್ಕಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಕಂಬಿಗೆ ಚಕ್ರ ಹತ್ತಬೇಕು

ಈ ಗುಡ್ಡಗಳಲ್ಲಿ ಹತ್ತುವ ಕೆಲಸದ ಅತಿ ಕಠಿಣ ಪಾಠ ನಡೆಯುವುದು ರೈಲಿನಲ್ಲಿ. ಹಾಸನ–ಮಂಗಳೂರು ನಡುವೆ 1979ರಲ್ಲಿ ಮೀಟರ್ ಗೇಜ್ ರೈಲು ಬಂತು. ಆಮೇಲೆ ಹಳಿ ಅಗಲ ಮಾಡಲು ನಿಲ್ಲಿಸಿದ ಪ್ರಯಾಣಿಕರ ಓಡಾಟ 2007ರ ಡಿಸೆಂಬರಿನಲ್ಲಿ ಮತ್ತೆ ಶುರುವಾಯಿತು. ಸಕಲೇಶಪುರದಿಂದ ನೆಟ್ಟಣದ ಸುಬ್ರಹ್ಮಣ್ಯ ರೋಡ್ ನಿಲ್ದಾಣದವರೆಗಿನ ಸುಮಾರು 55 ಕಿಲೊಮೀಟರ್ ದಾರಿಯಲ್ಲಿ 57 ಸುರಂಗಗಳಿವೆ, 100ಕ್ಕೂ ಹೆಚ್ಚು ಸೇತುವೆಗಳಿವೆ. ದೋಣಿಗಲ್, ಕಡಗರವಳ್ಳಿ, ಎಡಕುಮೇರಿ, ಶಿರಿಬಾಗಿಲು ಎಂದು ನಿಲ್ದಾಣಗಳು ಒಂದೊಂದಾಗಿ ಕಾಡಿನೊಳಗೆ ಇಳಿಯುತ್ತವೆ.

ಇಲ್ಲಿಯ ಏರು 50ಕ್ಕೆ 1. ಅಂದರೆ 50 ಮೀಟರ್ ಮುಂದೆ ಹೋದರೆ 1 ಮೀಟರ್ ಎತ್ತರ. ಸೈಕಲ್ಲಿನ ಹುಡುಗನಿಗೆ ಇದು ಏರೇ ಅಲ್ಲ. ಸಾವಿರಾರು ಟನ್ ತೂಕದ ಗೂಡ್ಸ್ ರೈಲಿಗೆ ಇದು ಗೋಡೆ. ಕಾರಣ ಸರಳ. ಟಾರು ರಸ್ತೆಯ ಮೇಲೆ ರಬ್ಬರ್ ಚಕ್ರಕ್ಕೆ ಇರುವ ಹಿಡಿತ ಉಕ್ಕಿನ ಕಂಬಿಯ ಮೇಲೆ ಉಕ್ಕಿನ ಚಕ್ರಕ್ಕಿಲ್ಲ. ಸಮತಲದಲ್ಲಿ ಇದೇ ರೈಲಿನ ಲಾಭ, ಕಡಿಮೆ ಶಕ್ತಿಯಲ್ಲಿ ನುಣ್ಣಗೆ ಉರುಳಿಹೋಗುತ್ತದೆ. ಏರಿನಲ್ಲಿ ಇದೇ ಅದರ ಕಷ್ಟ. ಎಂಜಿನ್ನಿಗೆ ಎಷ್ಟೇ ಬಲವಿರಲಿ, ಚಕ್ರ ಕಂಬಿಗೆ ಅಂಟದಿದ್ದರೆ ನಿಂತಲ್ಲೇ ತಿರುಗುತ್ತದೆ.

ಮಳೆಗಾಲದಲ್ಲಿ ಕಂಬಿ ಒದ್ದೆ, ಮೇಲೆ ತರಗೆಲೆಯ ಲೋಳೆ. ಆಗ ಎಂಜಿನ್ನಿನ ಚಕ್ರದ ಮುಂದೆ ಸಣ್ಣ ಕೊಳವೆಯಿಂದ ಒಣ ಮರಳು ಸುರಿಸುತ್ತಾರೆ. ಮರಳು ಅರೆದು ಚಕ್ರಕ್ಕೂ ಕಂಬಿಗೂ ನಡುವೆ ಹಿಡಿತ ಕೊಡುತ್ತದೆ. ಭಾರದ ರೈಲುಗಳಿಗೆ ಹಿಂದಿನಿಂದ ಒತ್ತಲು ಹೆಚ್ಚಿನ ಎಂಜಿನ್ ಜೋಡಿಸುತ್ತಾರೆ. ರೈಲ್ವೆಯವರು ಅದನ್ನು ಬ್ಯಾಂಕರ್ ಎನ್ನುತ್ತಾರೆ. ಎಂಜಿನ್ ಹೆಚ್ಚಿದಷ್ಟೂ ಕಂಬಿ ಹಿಡಿಯುವ ಚಕ್ರಗಳೂ ಹೆಚ್ಚುತ್ತವೆ. ಅಂಟಿದರೆ ಮಾತ್ರ ಹತ್ತೀತು ಎಂದು ಹಳಗನ್ನಡದ ಪತ್ತು ಹೇಳಿದ್ದನ್ನು ಎಂಜಿನಿಯರುಗಳು ಲೆಕ್ಕ ಹಾಕಿ ಹೇಳುತ್ತಾರೆ.

ಎರಡಕ್ಕೂ ಒಂದೇ ಇಳಿ

ಹತ್ತುವುದಕ್ಕೂ ಏರುವುದಕ್ಕೂ ಇಷ್ಟೆಲ್ಲ ಜಗಳ ಇದ್ದರೂ ಅವುಗಳ ಎದುರಾಳಿ ಒಬ್ಬನೇ. ಬಸ್ ಹತ್ತಿದವರು ಇಳಿಯುತ್ತಾರೆ, ಏರಿದ ಬೆಲೆಯೂ ಇಳಿಯುತ್ತದೆ. ಅಂಟಿನ ಅರ್ಥಕ್ಕೆ ಹೋದಾಗ ಮಾತ್ರ ಇಳಿ ಕೆಲಸಕ್ಕೆ ಬರುವುದಿಲ್ಲ. ಹತ್ತಿದ ಬೆಂಕಿ ಆರುತ್ತದೆ, ಹತ್ತಿದ ಇಂಬಳ ಬಿಡುತ್ತದೆ, ಹತ್ತಿದ ನಿದ್ದೆ ಹಾರಿಹೋಗುತ್ತದೆ, ಹತ್ತಿದ ಬಣ್ಣ ಬಿಡುತ್ತದೆ. ತಳ ಹತ್ತಿದ ಅನ್ನಕ್ಕೆ ವಿರುದ್ಧಪದವೇ ಇಲ್ಲ. ಪಾತ್ರೆ ತಿಕ್ಕುವವರಿಗೆ ಕೇಳಿ.

ಇಳಿ ಮಲೆನಾಡಿನಲ್ಲಿ ತುಂಬ ದುಡಿಯುವ ಪದ. ‘ಆನೆ ಗದ್ದೆಗೆ ಇಳಿದಿವೆ’ ಎಂಬ ಸಂದೇಶ ಬೆಳಗಿನ ಜಾವ ಮೊಬೈಲಿಗೆ ಬಂದರೆ ಮಕ್ಕಳನ್ನು ಶಾಲೆಗೆ ಕಳಿಸುವುದೋ ಬೇಡವೋ ಎಂಬ ಪ್ರಶ್ನೆ ಆಲೂರು, ಸಕಲೇಶಪುರದ ಮನೆಗಳಲ್ಲಿ ಏಳುತ್ತದೆ. ಆನೆಗಳು ಗದ್ದೆಗೆ ಬಂದವು, ಹೋದವು ಎಂದರೂ ನಡೆಯುತ್ತಿತ್ತು. ಇಳಿದವು ಎಂದರೆ ಬೆಳೆದ ಬತ್ತದೊಳಗೆ ಕಾಲಿಟ್ಟಾಗಿದೆ ಎಂಬ ಅರ್ಥ ಅದರಲ್ಲಿದೆ. ರೈತರು ಬೀದಿಗಿಳಿಯುವುದೂ, ಅಭ್ಯರ್ಥಿ ಕಣಕ್ಕಿಳಿಯುವುದೂ ಇದೇ ಬಗೆ. ದಂಡೆಯ ಮೇಲೆ ನಿಂತು ನೋಡುವುದನ್ನು ಬಿಟ್ಟು ಒಳಗೆ ಕಾಲಿಟ್ಟರು ಎಂದು.

ಮಳೆನೀರಿಗೂ ಇಲ್ಲಿ ಇಳಿಯಲು ಎರಡು ದಾರಿ. ಬಿಸಿಲೆಯ ಕಡೆ ಮಂಕನಹಳ್ಳಿಯ ಹತ್ತಿರದ ದಿಬ್ಬದ ಒಂದು ಮಗ್ಗುಲಿಗೆ ಬಿದ್ದ ಹನಿ ಕುಮಾರಧಾರೆ, ನೇತ್ರಾವತಿ ಸೇರಿ ಅರಬ್ಬಿ ಸಮುದ್ರಕ್ಕೆ ಇಳಿಯುತ್ತದೆ. ಇನ್ನೊಂದು ಮಗ್ಗುಲಿಗೆ ಬಿದ್ದದ್ದು ಹೇಮಾವತಿ, ಕಾವೇರಿ ಹಿಡಿದು ಬಂಗಾಳ ಕೊಲ್ಲಿಗೆ ಹೊರಡುತ್ತದೆ. ಅದೇ ನೀರು ‘ಭೂಮಿಗೆ ಇಳಿಯಿತು’ ಎಂದರೆ ಇಂಗಿತು ಎಂದರ್ಥ, ‘ಹೊಳೆ ಇಳಿಯಿತು’ ಎಂದರೆ ನೆರೆ ತಗ್ಗಿತು ಎಂದರ್ಥ. ಮಗನ ಮುಖ ಇಳಿದರೆ ಪರೀಕ್ಷೆಯ ಫಲಿತಾಂಶ ಬಂದಿದೆ.

ಏರುಜವ್ವನ, ಇಳಿವಯಸ್ಸು ಎಂಬ ಜೋಡಿಯೂ ಇದೆ. ವಯಸ್ಸಿಗೆ ಹತ್ತುವ ಕಷ್ಟ ಯಾಕೋ ಕನ್ನಡದಲ್ಲಿ ಇಲ್ಲ.

ಘಟ್ಟದ ಕೆಳಗೆ, ತುಂಗಭದ್ರೆಯ ಆಚೆ

ಶಿರಾಡಿ ಇಳಿದು ತುಳುನಾಡಿಗೆ ಹೋದರೆ ಇಳಿಯುವುದಕ್ಕೆ ‘ಜಪ್ಪು’ ಎನ್ನುತ್ತಾರೆ. ಅಲ್ಲಿಯ ಎಷ್ಟೋ ದೈವಗಳ ಕಥೆಯಲ್ಲಿ ದೈವ ಘಟ್ಟ ಇಳಿದು ಬಂದದ್ದೇ ಮೊದಲ ಸಂಗತಿ. ಜನ ಮಾತ್ರ ತಿರುಗು ದಿಕ್ಕಿನಲ್ಲಿ ನಡೆದರು. ಇಂಗ್ಲಿಷರ ಕಾಲದಲ್ಲಿ ಮಂಜರಾಬಾದಿನಲ್ಲಿ ಕಾಫಿ ಹಬ್ಬಿದಾಗ ದಕ್ಷಿಣ ಕನ್ನಡದಿಂದ ಕೂಲಿಗೆ ಘಟ್ಟ ಹತ್ತಿ ಬಂದವರು ಬಹಳ. ಕರಾವಳಿಯವರು ಇಂದಿಗೂ ಇತ್ತಲಿನವರನ್ನು ‘ಘಟ್ಟದವರು’ ಎಂದೇ ಕರೆಯುತ್ತಾರೆ. ಘಟ್ಟ ಹತ್ತುವುದು ಎಂದರೆ ಅವರಲ್ಲಿ ಬರೀ ಪ್ರಯಾಣವಲ್ಲ, ದುಡಿಮೆ ಹುಡುಕಿ ಊರು ಬಿಡುವುದು.

ಹತ್ತು ಅತಿ ದೂರ ಹೋಗಿರುವುದು ಉತ್ತರ ಕರ್ನಾಟಕದಲ್ಲಿ. ಅಲ್ಲಿ ಅದು ಕೈಕಾಲನ್ನೂ ಅಂಟನ್ನೂ ಬಿಟ್ಟು ವ್ಯಾಕರಣದೊಳಕ್ಕೇ ಹೊಕ್ಕಿದೆ. ಹಾಸನದವರು ‘ಮಾಡ್ತಾ ಇದೀನಿ’ ಎನ್ನುವುದನ್ನು ಧಾರವಾಡದವರು ‘ಮಾಡಾಕತ್ತೀನಿ’ ಎನ್ನುತ್ತಾರೆ. ಬಿಡಿಸಿದರೆ ‘ಮಾಡಲಿಕ್ಕೆ ಹತ್ತಿದ್ದೇನೆ’. ಕೆಲಸಕ್ಕೆ ಅಂಟಿಕೊಂಡಿದ್ದೇನೆ, ಇನ್ನೂ ಬಿಟ್ಟಿಲ್ಲ ಎಂದರೆ ಕೆಲಸ ನಡೆಯುತ್ತಿದೆ ಎಂದೇ ತಾನೆ. ‘ಮಳೆ ಬರಾಕತ್ತೈತಿ’ ಎನ್ನುವಲ್ಲಿಯೂ ಅಡಗಿರುವುದು ಇಂಬಳದ ಹತ್ತುವೇ. ಬರವಣಿಗೆಯಲ್ಲಿ ‘ಅಳಹತ್ತಿದಳು’, ‘ಓಡಹತ್ತಿದ’ ಎಂದು ಬರೆಯುವಾಗ ನಾವೂ ಅದನ್ನೇ ಬಳಸುತ್ತೇವೆ.

ಅಷ್ಟಕ್ಕೇ ನಿಲ್ಲದೆ ಅಲ್ಲಿ ಹೊತ್ತೂ ದುಡ್ಡೂ ‘ಹತ್ತು’ತ್ತವೆ. ಇಷ್ಟು ತಾಸು ಬೇಕಾಗುತ್ತದೆ, ಇಷ್ಟು ರೂಪಾಯಿ ಖರ್ಚಾಗುತ್ತದೆ ಎಂಬುದಕ್ಕೆ ಅವರದು ಆ ಮಾತು. ಹುಬ್ಬಳ್ಳಿಯ ಕಡೆಯಿಂದ ಧರ್ಮಸ್ಥಳಕ್ಕೆ ಹೊರಟು, ದೋಣಿಗಲ್‌ನಲ್ಲಿ ಟೀಗೆ ನಿಂತ ಲಾರಿಯವನು ‘ಗುಂಡ್ಯಕ್ಕ ಎಷ್ಟೊತ್ತು ಹತ್ತತೈತ್ರೀ?’ ಎಂದು ಕೇಳಿದರೆ, ಅಂಗಡಿಯವನು ಹೊರಗಿನ ಮಂಜನ್ನೊಮ್ಮೆ ನೋಡಿ, ‘ಎಲ್ಲಿ ಹತ್ತೋದು ಅಣ್ಣ, ಇಲ್ಲಿಂದ ಪೂರಾ ಇಳಿಯೋದೇ. ಸೆಕೆಂಡ್ ಗೇರಲ್ಲೇ ಹೋಗಿ’ ಎಂದುಬಿಟ್ಟಾನು.